ಕೀಲಿ ಹಾಕುವುದು ಪ್ರೀತಿಯಲ್ಲ

ಮಾನ್ಯ ಸಂಪಾದಕರೇ,

ನನ್ನ ಮಗಳು ಪಿಯುಸಿ ಮೊದಲ ವರ್ಷ. ದಸರಾ ರಜೆಯಲ್ಲಿ 600 ಪುಟದ ಇಂಗ್ಲಿಷ್ ಕಾದಂಬರಿಯನ್ನು ಮೂರೇ ದಿನದಲ್ಲಿ ಓದಿ ಮುಗಿಸಿದಳು. ರಕ್ಷಾಪುಟದ ಮೇಲೆ ಹೂಬಳ್ಳಿ, ಬಂಗಾರದ ಕತ್ತಿ. ಮಕ್ಕಳ ಕಥೆ ಅಂದುಕೊಂಡೆ. ಊಟ ಬಿಟ್ಟು ಓದುವಂಥದ್ದು ಏನಿದೆ ನೋಡೋಣ ಎಂದು ನಾನೂ ಹಿಡಿದೆ. ಇದಕ್ಕೆ ಡಾರ್ಕ್ ರೊಮಾಂಟಸಿ ಅಂತಾರಂತೆ, ಅಂದರೆ ಮಾಯಾಲೋಕದಲ್ಲಿ ನಡೆಯುವ, ಭಯ-ಕ್ರೌರ್ಯ ಬೆರೆತ ಪ್ರೇಮಕಥೆ.

ನನಗೂ ಕೆಳಗಿಡಲು ಆಗಲಿಲ್ಲ. ಬ್ಯಾಂಕಿನಿಂದ ಬಂದು, ಅಡುಗೆ ಮುಗಿಸಿ, ರಾತ್ರಿ ಒಂದರ ತನಕ ಓದಿದೆ. ಹುಡುಗಿ ಒಬ್ಬಳೇ ಕಾಡಿಗೆ ಹೋಗುತ್ತಾಳೆ, ಕತ್ತಿ ಹಿಡಿಯುತ್ತಾಳೆ. ಊರಿಗೆ ಊರೇ ಹೆದರುವ 500 ವರ್ಷದ ರಾಜ ಅವಳ ಮುಂದೆ ಮಾತ್ರ ಮೆತ್ತಗಾಗುತ್ತಾನೆ. ಟ್ಯೂಷನ್ನಿನಿಂದ ಹತ್ತು ನಿಮಿಷ ತಡವಾದರೆ ‘ಎಲ್ಲಿದ್ದಿ?’ ಎಂದು ಕೇಳಿಸಿಕೊಳ್ಳುವ ಹುಡುಗಿಗೆ ಇದು ಹಿತ ಕೊಡದೆ ಇರುತ್ತಾ?

ಅದೇ ರಾಜ ಅವಳನ್ನು ಗೋಪುರದಲ್ಲಿ ಕೂಡಿ ಹಾಕುತ್ತಾನೆ. ‘ನಿನ್ನ ಒಳ್ಳೆಯದಕ್ಕೇ’ ಅಂತಾನೆ. ಅವಳು ಬೇಡ ಅಂದರೂ ಕೇಳುವುದಿಲ್ಲ. ನೂರು ಪುಟ ಕಳೆಯುವುದರಲ್ಲಿ ಅವಳೇ ‘ನೀನು ನನ್ನನ್ನು ಕಾಪಾಡಿದೆ’ ಎಂದು ಅಪ್ಪಿಕೊಳ್ಳುತ್ತಾಳೆ. ಆ ಸಾಲಿನ ಕೆಳಗೆ ಮಗಳು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಪುಟ್ಟ ಹೃದಯ ಬರೆದಿದ್ದಳು. ನನ್ನ ಎದೆ ಧಸಕ್ಕೆಂದಿತು.

ಕತ್ತಲಿನ ಪ್ರೇಮಕಥೆ ನಮಗೇನು ಹೊಸದಲ್ಲ. ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರ ‘ನಾಗಮಂಡಲ’ ಇದೆಯಲ್ಲ! ಅಪ್ಪಣ್ಣ ಹೆಂಡತಿ ರಾಣಿಯನ್ನು ಒಳಗೆ ಬಿಟ್ಟು ಕೀಲಿ ಜಡಿದು ಹೋಗುತ್ತಾನೆ. ರಾತ್ರಿ ನಾಗ ಗಂಡನ ರೂಪದಲ್ಲಿ ಬರುತ್ತಾನೆ. ಅದೂ ಮೋಸವೇ. ಬಂದವನು ಯಾರೆಂದು ಆಕೆಗೆ ಗೊತ್ತಿಲ್ಲ. ಆದರೆ ಆ ನಾಟಕ ಕೀಲಿಯನ್ನು ಪ್ರೀತಿ ಎಂದು ಕರೆಯುವುದಿಲ್ಲ. ಕೀಲಿ ಕೀಲಿಯಾಗಿಯೇ ಇರುತ್ತದೆ.

ಮಗಳಿಗೆ ಇದನ್ನೇ ಹೇಳಿದೆ. ‘ಅವ್ವಾ, ಇದು ಕಥಿ ಅಂತ ನಂಗ ಗೊತ್ತೈತಿ’ ಅಂದಳು. ಗೊತ್ತಿರಬಹುದು. ಆದರೆ ಅವಳ ಗೆಳತಿಯೊಬ್ಬಳ ಫೋನಿನ ಪಾಸ್‌ವರ್ಡ್ ಒಬ್ಬ ಹುಡುಗನ ಕೈಯಲ್ಲಿದೆ. ‘ಅಷ್ಟು ಕೇರ್ ಮಾಡ್ತಾನ’ ಎಂದು ಇವರು ಮೆಚ್ಚಿ ಮಾತಾಡಿದ್ದನ್ನು ನಾನೇ ಕೇಳಿದ್ದೇನೆ.

ತಾಯಂದಿರೇ, ಪುಸ್ತಕ ಕಸಿದುಕೊಳ್ಳಬೇಡಿ. ಕಸಿದರೆ ಮೊಬೈಲಿನಲ್ಲಿ ಓದುತ್ತಾರೆ, ನಮ್ಮ ಹತ್ತಿರ ಮಾತಾಡುವುದನ್ನೂ ಬಿಡುತ್ತಾರೆ. ಸುಮ್ನೆ ಜೊತೆಗೆ ಕೂತು ಓದಿ. ಸಿನಿಮಾಕ್ಕೆ ವಯಸ್ಸಿನ ಸರ್ಟಿಫಿಕೇಟ್ ಇದೆ, ಪುಸ್ತಕಕ್ಕಿಲ್ಲ. ಈ ಕಾದಂಬರಿಯ ಒಳಪುಟದಲ್ಲಿ ‘ದೊಡ್ಡವರಿಗೆ ಮಾತ್ರ, ಬಲವಂತದ ದೃಶ್ಯಗಳಿವೆ’ ಎಂದು ಸಣ್ಣ ಅಕ್ಷರದಲ್ಲಿದೆ. ಅದನ್ನು ಹಿಂಬದಿ ರಕ್ಷಾಪುಟದ ಮೇಲೆ ದಪ್ಪಗೆ ಹಾಕಲಿ. ಅಂಗಡಿಯವರು ಮಕ್ಕಳ ಕಪಾಟಿನಲ್ಲಿ ಇಡದಿರಲಿ.

ಕನ್ನಡದ ಲೇಖಕರಲ್ಲೂ ಒಂದು ಬೇಡಿಕೆ. 16ರ ಹುಡುಗಿಗಾಗಿ ಭಯ, ಮಾಯೆ, ಪ್ರೀತಿ ಎಲ್ಲ ಇರುವ ದಪ್ಪನೆಯ ಕಾದಂಬರಿ ಬರೆಯಿರಿ. ಹುತ್ತ, ನಾಗ, ಬೇರಿನ ಔಷಧಿ ಎಲ್ಲ ನಮ್ಮ ಅಜ್ಜಿಯರ ಕಥೆಯಲ್ಲೇ ಇವೆ, ಅಲ್ವಾ?

ಮೊನ್ನೆ ಆ ಪುಸ್ತಕದ ಎರಡನೇ ಭಾಗ ಮನೆಗೆ ಬಂತು. ಈ ಸಲ ಇಬ್ಬರೂ ಓದುತ್ತಿದ್ದೇವೆ. ಪೆನ್ಸಿಲ್ ಈಗ ನನ್ನ ಕೈಯಲ್ಲೂ ಒಂದಿದೆ.

– ಒಬ್ಬ ತಾಯಿ, ವಿದ್ಯಾನಗರ, ಹುಬ್ಬಳ್ಳಿ