ಬ್ಯಾರೆನ್ ದ್ವೀಪದ ಸದ್ದಿಗೂ ಕಿವಿಗೊಡಿ: ಭೂ ವಿಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಭೂ ವಿಜ್ಞಾನ ಸಚಿವರಿಗೆ ನಮಸ್ಕಾರ.

2017ರ ಜನವರಿಯಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಹಡಗು ಅಂಡಮಾನ್ ಸಮುದ್ರದಲ್ಲಿದ್ದಾಗ, ಬ್ಯಾರೆನ್ ದ್ವೀಪದ ಜ್ವಾಲಾಮುಖಿ ಇದ್ದಕ್ಕಿದ್ದಂತೆ ಬೂದಿ ಉಗುಳಿತು. ಒಂದೊಂದು ಸಲಕ್ಕೆ ಐದು-ಹತ್ತು ನಿಮಿಷ. ಕತ್ತಲಾದ ಮೇಲೆ ಕೆಂಪು ಲಾವಾ ಚಿಮ್ಮುವುದೂ ಕಂಡಿತು. ಕಂಡದ್ದು ಸುದ್ದಿಯಾಯಿತು. ನಾನು ಬರೆಯುತ್ತಿರುವುದು ಕಿವಿಗೆ ಬೀಳದ್ದರ ಬಗ್ಗೆ, ಅದನ್ನು ದಾಖಲಿಸುವ ಕೇಂದ್ರಗಳನ್ನು ಕಟ್ಟಿಸಿ ಎಂದು ಕೇಳಲು.

ಜ್ವಾಲಾಮುಖಿಯ ಸದ್ದಿನಲ್ಲಿ ಬಹುಪಾಲು 20 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ನಮಗೆ ಕೇಳಿಸದು (ಇದನ್ನೇ ಇನ್ಫ್ರಾಸೌಂಡ್ ಅನ್ನುವುದು), ಆದರೆ ನೂರಾರು ಕಿಲೋಮೀಟರ್ ಹೋಗುತ್ತದೆ. ಮೇಲೇರಿದ ಸದ್ದು ಸುಮಾರು 50 ಕಿ.ಮೀ. ಎತ್ತರದಲ್ಲಿ, ಓಝೋನ್‌ನಿಂದ ಬೆಚ್ಚಗಾದ ಪದರದಲ್ಲಿ ಬಾಗಿ ನೆಲಕ್ಕೆ ಮರಳುತ್ತದೆ. ಅಲ್ಲಿನ ಗಾಳಿ ಜೊತೆಗೆ ಬೀಸಿದರೆ ಚೆನ್ನಾಗಿ ಮರಳುತ್ತದೆ, ಎದುರು ಬೀಸಿದರೆ ಕಷ್ಟ. ಸಿಸಿಲಿಯ ಎಟ್ನಾ ಪರ್ವತದ ಸದ್ದು 550 ಕಿ.ಮೀ. ಪಶ್ಚಿಮದ ಟ್ಯುನೀಶಿಯಾಕ್ಕೆ ಬೇಸಿಗೆಯಲ್ಲೇ ಜಾಸ್ತಿ ಮುಟ್ಟುವುದು ಇದಕ್ಕೇ. ಆಗ ಮೇಲ್ಗಾಳಿ ಪಶ್ಚಿಮಕ್ಕೆ ಬೀಸುತ್ತಿರುತ್ತದೆ. ಹವಾಮಾನದ ಬಲೂನು 30-35 ಕಿ.ಮೀ. ಹೊತ್ತಿಗೆ ಒಡೆದುಹೋಗುತ್ತದೆ. ಅದಕ್ಕೂ ಮೇಲಿನ ಗಾಳಿಯ ಲೆಕ್ಕ ಈ ಸದ್ದಿನಲ್ಲಿ ಪುಕ್ಕಟೆಯಾಗಿ ಸಿಗುವಾಗ ಬಿಡುವುದೇಕೆ?

ಅಣು ಪರೀಕ್ಷೆ ನಿಷೇಧ ಒಪ್ಪಂದದ ಜಾಗತಿಕ ಜಾಲ 2022ರಲ್ಲಿ ಟೊಂಗಾ ಸ್ಫೋಟವನ್ನು ತನ್ನ 53 ಇನ್ಫ್ರಾಸೌಂಡ್ ಕೇಂದ್ರಗಳಲ್ಲೂ ದಾಖಲಿಸಿತು. ಅದರ ಒಂದು ಕೇಂದ್ರವೂ ನಮ್ಮ ನೆಲದಲ್ಲಿಲ್ಲ. ನಾವು ಸಹಿ ಹಾಕಿಲ್ಲ. ಹಾಕಬೇಕೋ ಬೇಡವೋ ಅನ್ನುವುದು ಬೇರೆ ಚರ್ಚೆ, ಅದು ನಿಮ್ಮ ಖಾತೆಯದೂ ಅಲ್ಲ. ಆದರೆ ಜ್ವಾಲಾಮುಖಿ ನಮ್ಮದೇ ಅಲ್ವಾ?

ಕೇಂದ್ರವನ್ನು ಈಗ ಶ್ರೀ ವಿಜಯಪುರಂ ಎನ್ನುವ ಪೋರ್ಟ್ ಬ್ಲೇರ್‌ನಲ್ಲಿ ಮಾತ್ರ ಇಟ್ಟರೆ ಸಾಲದು. ಬ್ಯಾರೆನ್‌ನಿಂದ ಅದು ಸುಮಾರು 140 ಕಿ.ಮೀ. ಮೇಲಿಂದ ಬಾಗಿ ಬರುವ ಸದ್ದು ಸಾಮಾನ್ಯವಾಗಿ ಇಳಿಯುವುದು 200 ಕಿ.ಮೀ. ಆಚೆಗೆ. ಹಾಗಾಗಿ ಹತ್ತಿರದ್ದೊಂದು, 350 ಕಿ.ಮೀ.ಗೂ ದೂರದ ಕಾರ್ ನಿಕೋಬಾರ್‌ನಲ್ಲೊಂದು, ಪಶ್ಚಿಮಕ್ಕೆ ತಮಿಳುನಾಡಿನ ಕರಾವಳಿಯಲ್ಲೊಂದು ಬೇಕು. ಒಂದೊಂದು ಕಡೆ ಗಾಳಿಯ ಒತ್ತಡದ ಸಣ್ಣ ಏರಿಳಿತವನ್ನೂ ಅಳೆಯುವ ನಾಲ್ಕೈದು ಮೈಕ್ರೋಬ್ಯಾರೋಮೀಟರ್‌ಗಳನ್ನು ದೂರ ದೂರ ಇಟ್ಟರೆ, ಅಲೆ ಮುಟ್ಟುವ ಹೊತ್ತಿನ ವ್ಯತ್ಯಾಸದಿಂದ ದಿಕ್ಕು ಗೊತ್ತಾಗುತ್ತದೆ. ಒಂದು ಮಾತು: ಜಾಗ ಮಾಡಲೆಂದು ಸುಮ್ನೆ ಮರ ಕಡಿಸಬೇಡಿ. ನೆಲದ ಗಾಳಿಯ ಗದ್ದಲ ಕಾಡಿನೊಳಗೇ ಕಡಿಮೆ.

ಬ್ಯಾರೆನ್ ದಿನಾ ಸಿಡಿಯುವುದಿಲ್ಲ, ನಿಜ. ಅದಕ್ಕೇ ಕಾಯಂ ಕೇಂದ್ರ ಕೇಳುತ್ತಿರುವುದು. ಸಿಡಿದ ಮೇಲೆ ಪೆಟ್ಟಿಗೆ ಹೊತ್ತು ಓಡಿದರೆ ತಡವಾಗಿರುತ್ತದೆ. ಸಿಕ್ಕ ದತ್ತಾಂಶವನ್ನು ನಮ್ಮ ಡಿಗ್ರಿ ಕಾಲೇಜಿನ ಮಕ್ಕಳೂ ಅರ್ಜಿ ಹಾಕದೆ ಡೌನ್‌ಲೋಡ್ ಮಾಡಿಕೊಳ್ಳುವಂತೆ ಇಡಿಸಿ.

ಇಂತಿ,
ಕರ್ನಾಟಕದ ಒಬ್ಬ ಭೌತಶಾಸ್ತ್ರದ ಮೇಷ್ಟ್ರು