ಆರು ತಿಂಗಳು ನನ್ನ ಗುಟ್ಟು ಕಾಪಾಡಿದವರಿಗೆ

ಕಳೆದ ಸೋಮವಾರ ನನ್ನ ಕೊನೆಯ ಕಫ ಪರೀಕ್ಷೆಯ ವರದಿ ಬಂದಿತು. ರೋಗಾಣು ಕಂಡುಬಂದಿಲ್ಲ ಎಂದು ಅದರಲ್ಲಿ ಬರೆದಿತ್ತು. ನನಗೆ ಶ್ವಾಸಕೋಶದ ಕ್ಷಯವಾಗಿತ್ತು. ಈ ಮಾತನ್ನು ಮನೆಯವರು ಮತ್ತು ನಮ್ಮ ಮುಖ್ಯೋಪಾಧ್ಯಾಯರನ್ನು ಬಿಟ್ಟು ಯಾರ ಮುಂದೆಯೂ ನಾನು ಆಡಿರಲಿಲ್ಲ. ಚಿಕಿತ್ಸೆ ಮುಗಿದ ಈ ಹೊತ್ತಿನಲ್ಲಿ, ನನ್ನನ್ನು ಉಳಿಸಿದವರಿಗೆ ಧನ್ಯವಾದ ಹೇಳಬೇಕಾದರೆ ಮೊದಲು ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲೇಬೇಕೆಂದು ನಿರ್ಧರಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಬೇಸಿಗೆ ಭತ್ತದ ಕೊಯ್ಲಿನ ಕಾಲದಲ್ಲಿ ಕೆಮ್ಮು ಹತ್ತಿತು. ಕಾಲುವೆ ಸೀಮೆಯಲ್ಲಿ ಆ ದಿನಗಳಲ್ಲಿ ಧೂಳಿಗೆ ಕೆಮ್ಮದವರೇ ಇಲ್ಲವಾದ್ದರಿಂದ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಖಾಸಗಿ ದವಾಖಾನೆಯೊಂದರಲ್ಲಿ ಎರಡು ತಿಂಗಳು ಔಷಧಿ ಬದಲಿಸಿ ಬದಲಿಸಿ ಕೊಟ್ಟರು, ಆದರೆ ಕಫ ಪರೀಕ್ಷೆಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಿದವಳು ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಹದಿನೆಂಟು ವರ್ಷಗಳ ಹಿಂದೆ ಅವಳು ನನ್ನ ತರಗತಿಯಲ್ಲಿಯೇ ಕುಳಿತಿದ್ದ ಹುಡುಗಿ. ಮನೆಮನೆ ಸಮೀಕ್ಷೆಗೆ ಬಂದವಳು ಕೆಮ್ಮು ಎಷ್ಟು ವಾರದ್ದು, ಸಂಜೆ ಜ್ವರ ಬರುತ್ತದೆಯೇ, ರಾತ್ರಿ ಬೆವರುತ್ತೀರಾ, ತೂಕ ಇಳಿದಿದೆಯೇ ಎಂದು ಕೇಳಿದಳು. ಎಲ್ಲಕ್ಕೂ ನನ್ನ ಉತ್ತರ ಹೌದು ಎಂದೇ ಇತ್ತು. ಅವಳು ಚೀಲದಿಂದ ಮುಚ್ಚಳವಿದ್ದ ಪುಟ್ಟ ಡಬ್ಬಿಯೊಂದನ್ನು ತೆಗೆದು, ದನಿ ತಗ್ಗಿಸಿ ಹೇಳಿದಳು: "ಸರ, ನಸುಕಿನ್ಯಾಗ ಎದ್ದು ಬಾಯಿ ಮುಕ್ಕಳಿಸ್ರಿ, ಆಮ್ಯಾಲೆ ಬಯಲಾಗ ನಿಂತು ಎದಿಯೊಳಗಿಂದ ಕೆಮ್ಮಿ ತೆಗಿರಿ. ಉಗುಳು ಬ್ಯಾಡ್ರಿ, ಕಫಾನ ಬೇಕು."

ಟ್ರೂನ್ಯಾಟ್ ಯಂತ್ರದ ಪರೀಕ್ಷೆಯಲ್ಲಿ ರೋಗ ಖಚಿತವಾಯಿತು, ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆಂಬುದೂ ಅದರಲ್ಲಿಯೇ ತಿಳಿಯಿತು. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು ಕೂಡಿದ ಗುಳಿಗೆ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿಗಳ ಗುಳಿಗೆ. 52 ಕೆ.ಜಿ. ತೂಕಕ್ಕೆ ದಿನಕ್ಕೆ 4ರಂತೆ ಒಂದೂ ದಿನ ತಪ್ಪದೆ ನುಂಗಬೇಕಿತ್ತು. ಗುಳಿಗೆ ಶುರುವಾದ ಮರುದಿನ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದ್ದನ್ನು ಕಂಡು ನಾನು ರಕ್ತವೆಂದೇ ಹೆದರಿದ್ದೆ. ಅದು ಔಷಧಿಯ ಬಣ್ಣವೆಂದು ತಿಳಿಸಿ ಧೈರ್ಯ ಹೇಳಿದ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯವರಿಗೆ, ನನ್ನ ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆಗಳನ್ನು ತಾವೇ ನಿಂತು ಮಾಡಿಸಿ ಕೊಟ್ಟ ಪ್ರಯೋಗಾಲಯದ ತಂತ್ರಜ್ಞರಿಗೆ, ಮಳೆಯ ದಿನವೂ ಬೈಕಿನಲ್ಲಿ ಬಂದು ಗುಳಿಗೆಯ ಲೆಕ್ಕ ನೋಡುತ್ತಿದ್ದ ಚಿಕಿತ್ಸಾ ಮೇಲ್ವಿಚಾರಕರಿಗೆ ನನ್ನ ನಮಸ್ಕಾರಗಳು.

ನನ್ನನ್ನು ನಿದ್ದೆಗೆಡಿಸಿದ್ದು ಮಾತ್ರ ನನ್ನ ರೋಗವಲ್ಲ. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು, ಸದಾ ನನ್ನ ಮಗ್ಗುಲಲ್ಲಿ ಮಲಗುತ್ತಿದ್ದ ಮೂರು ವರ್ಷದ ಮೊಮ್ಮಗ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಎರಡು ತಿಂಗಳು ನನ್ನ ಕೆಮ್ಮನ್ನು ಕೇಳುತ್ತ ಕುಳಿತಿದ್ದ ನಲವತ್ತೊಂದು ಮಕ್ಕಳು ಕಣ್ಣ ಮುಂದೆ ಬರುತ್ತಿದ್ದರು. ಆರೋಗ್ಯ ಇಲಾಖೆಯವರು ನನಗೆ ಗುಳಿಗೆ ಕೊಟ್ಟು ಸುಮ್ಮನಾಗಲಿಲ್ಲ, ಮನೆಯವರೆಲ್ಲರ ತಪಾಸಣೆ ಮಾಡಿದರು. ಮೊಮ್ಮಗನಿಗೆ ರೋಗವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೂ ಮುಂದೆ ಬರಬಾರದೆಂದು ಆರು ತಿಂಗಳು ತಡೆ ಔಷಧಿ ಕೊಟ್ಟರು. ಶಾಲೆಗೆ ಬಂದು, ಯಾರ ಹೆಸರನ್ನೂ ಎತ್ತದೆ, ಇಡೀ ಶಾಲೆಗೆ ಸಾಮಾನ್ಯ ತಪಾಸಣೆಯೆಂದು ಹೇಳಿ ನನ್ನ ತರಗತಿಯ ಪ್ರತಿಯೊಂದು ಮಗುವನ್ನೂ ನೋಡಿದರು. ಕೆಮ್ಮಿದ್ದ ಇಬ್ಬರ ಕಫದಲ್ಲಿ ಏನೂ ಇಲ್ಲವೆಂದು ತಿಳಿದ ದಿನ ನಾನು ಹಿತ್ತಲಿಗೆ ಹೋಗಿ ಅತ್ತೆ. ಸಾರ್ವಜನಿಕ ಆರೋಗ್ಯವೆಂಬ ಮಾತನ್ನು ಪಾಠದಲ್ಲಿ ಎಷ್ಟೋ ಸಲ ಓದಿಸಿದ್ದೇನೆ, ಅದು ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಮ್ಮ ಅಜ್ಜನ ತಮ್ಮನಿಗೆ ಇದೇ ರೋಗ ಬಂದಾಗ ಹೊಲದ ಗುಡಿಸಲಿನಲ್ಲಿ ಬೇರೆ ಗಂಗಾಳವಿಟ್ಟು ಇರಿಸಿದ್ದರಂತೆ, ಅಲ್ಲಿಯೇ ತೀರಿಕೊಂಡರಂತೆ. ನಾನು ಮನೆಯಲ್ಲಿಯೇ ಉಳಿದು ಗುಣವಾದೆ. ಇದರ ಹಿಂದೆ ಒಂದು ಕಥೆಯಿದೆ. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ನಡೆದ ಅಧ್ಯಯನವು, ಬಡವರ ಕಿರಿದಾದ ಮನೆಗಳಲ್ಲಿಯೂ ಔಷಧಿಯನ್ನು ಸರಿಯಾಗಿ ಕೊಟ್ಟರೆ ಚಿಕಿತ್ಸೆ ಆಸ್ಪತ್ರೆಯಷ್ಟೇ ಫಲ ಕೊಡುತ್ತದೆ, ಮನೆಯವರಿಗೆ ಅಪಾಯ ಹೆಚ್ಚುವುದಿಲ್ಲ ಎಂದು ತೋರಿಸಿಕೊಟ್ಟಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು, 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಆದರೆ ಗುಳಿಗೆ ಮನೆಯವರೆಗೆ ಬರಬೇಕಾದರೆ ಅದನ್ನು ತರುವವರೊಬ್ಬರು ಬೇಕು.

ನಮ್ಮ ಓಣಿಯ ಆ ಆಶಾ ಕಾರ್ಯಕರ್ತೆ ತಂದಳು, ಅದೂ ಒಂದು ಉಪಾಯ ಹೂಡಿ. ಬರುವಾಗಲೆಲ್ಲ ಮಗಳ ತಾಯಿ ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದಿರುತ್ತಿದ್ದಳು, ಗುಳಿಗೆಯ ಹಾಳೆ ಆ ಕಾರ್ಡಿನ ಒಳಗಿರುತ್ತಿತ್ತು. ಕಟ್ಟೆಯ ಮೇಲೆ ಕುಳಿತವರು ಬಸುರಿಯನ್ನು ವಿಚಾರಿಸಲು ಬಂದಿದ್ದಾಳೆಂದೇ ತಿಳಿದರು. ಮಗಳು ಹೆತ್ತ ಮೇಲೆ ಕೂಸಿನ ಚುಚ್ಚುಮದ್ದಿನ ನೆಪವಾಯಿತು. ಮೂರನೆಯ ತಿಂಗಳಲ್ಲಿ ಕೆಮ್ಮು ನಿಂತು ಹಸಿವು ಮರಳಿದಾಗ ಇನ್ನು ಸಾಕೆಂದು ನಾನು ಎರಡು ದಿನ ಗುಳಿಗೆ ಬಿಟ್ಟೆ. ಹಾಳೆಯಲ್ಲಿ ಒಡೆಯದೆ ಉಳಿದ ಎಂಟು ಗುಳಿಗೆಗಳನ್ನು ಎಣಿಸಿದ ಅವಳು ನನ್ನನ್ನು ಬೈಯಲಿಲ್ಲ, ಹೊಸಿಲ ಬಳಿ ಕುಳಿತು, "ಸರ, ನೀವ ಹಿಂಗ ಮಾಡಿದ್ರ ನಾ ಯಾರಿಗೆ ಹೇಳ್ಲಿ?" ಎಂದಳು. ನಡುವೆ ಬಿಟ್ಟರೆ ಉಳಿದ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ ಎಂದು ವಿವರಿಸಿ, ನನ್ನ ಎದುರಿಗೇ ಆ ದಿನದ ನಾಲ್ಕನ್ನು ನುಂಗಿಸಿ ಹೋದಳು. ಅನಂತರ ಒಂದು ದಿನವೂ ತಪ್ಪಲಿಲ್ಲ.

ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ರೋಗಿಯ ಖಾತೆಗೆ ಹಣ ಹಾಕುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಶುರುವಾದ ಈ ನೆರವು 2024ರ ನವೆಂಬರ್‌ನಿಂದ 1000 ಆಗಿದೆ. ನನಗೆ ಸಂಬಳವಿದೆ, ಆದರೆ ಕೂಲಿ ಬಿಟ್ಟು ಮಲಗುವವರಿಗೆ ಈ ಹಣ ಮೊಟ್ಟೆ, ಶೇಂಗಾ, ಬೇಳೆಯಾಗಿ ಮನೆ ಸೇರುತ್ತದೆ. ಸಾವಿರ ಜನರ ಆರೋಗ್ಯವನ್ನು ಹೊತ್ತ ಆಶಾ ಕಾರ್ಯಕರ್ತೆಯರಿಗೆ ಮಾತ್ರ ಇಂದಿಗೂ ಸಂಬಳವೆಂಬುದಿಲ್ಲ, ಇರುವುದು ಗೌರವಧನ ಮತ್ತು ಪ್ರೋತ್ಸಾಹಧನ. ಅವರ ಬೇಡಿಕೆ ನ್ಯಾಯವಾದದ್ದೆಂದು, ಅವರಿಂದ ಜೀವ ಉಳಿಸಿಕೊಂಡವನಾಗಿ, ಇಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ.

ವರದಿ ಬಂದ ಸಂಜೆ ಅವಳಿಗೆ ಹೋಳಿಗೆಯ ಊಟ ಹಾಕಿ, ಇನ್ನು ನನ್ನ ಹೆಸರನ್ನು ಎಲ್ಲಿ ಬೇಕಾದರೂ ಹೇಳಿಕೋ ಎಂದೆ. ನಾಲ್ಕೇ ದಿನಕ್ಕೆ ಅದು ಕೆಲಸಕ್ಕೆ ಬಂದಿತು. ಕಫ ಕೊಡಲು ಒಪ್ಪದೆ ಅವಳನ್ನು ಮೂರು ಸಲ ಬಾಗಿಲಿನಿಂದಲೇ ಕಳಿಸಿದ್ದ ಅಕ್ಕಿ ಗಿರಣಿಯ ಹಮಾಲರೊಬ್ಬರು ನಿನ್ನೆ ರಾತ್ರಿ ನಮ್ಮ ಮನೆಗೆ ಬಂದು, ನಿಮಗೂ ಆಗಿತ್ತಂತಲ್ಲ, ಖರೆಯೇನ್ರಿ ಸರ ಎಂದು ಕೇಳಿದರು. ಗುಳಿಗೆಯ ಖಾಲಿ ಹಾಳೆಗಳನ್ನು ತೆಗೆದು ತೋರಿಸಿದೆ. ಇಂದು ಬೆಳಿಗ್ಗೆ ನಾವಿಬ್ಬರೂ ಕೂಡಿ ಹೋಗಿ ಅವರ ಡಬ್ಬಿಯನ್ನು ಉಪಕೇಂದ್ರದಲ್ಲಿ ಕೊಟ್ಟು ಬಂದಿದ್ದೇವೆ.