ಪೆರಿಸ್ಸಾ ಕಡಲತೀರದಲ್ಲಿ ನೀರಿಗಿಳಿಯುವವರ ಗಮನಕ್ಕೆ

ದಾವಣಗೆರೆಯಿಂದ ಹಡಗು ಪ್ರವಾಸಕ್ಕೆ ಹೊರಟಿರುವ ಎಲ್ಲ ಸದಸ್ಯರಿಗೂ ನಮಸ್ಕಾರ.

ಗ್ರೀಸಿನ ಸ್ಯಾಂಟೊರಿನಿಯಲ್ಲಿ ಹಡಗು ನಿಲ್ಲುವ ದಿನ ಪೆರಿಸ್ಸಾಕ್ಕೆ ಹೋಗಲು ಹೆಸರು ಕೊಟ್ಟಿರುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಅಲ್ಲಿಯದು ಜ್ವಾಲಾಮುಖಿಯಿಂದಾದ ಕಪ್ಪು ಮರಳು. ಬಿಸಿಲೇರಿದ ಮೇಲೆ ಬರಿಗಾಲಿಡಲಾಗದಷ್ಟು ಕಾಯುತ್ತದೆ. ಅದಕ್ಕಿಂತ ಮುಖ್ಯವಾಗಿ, ದಡದಂಚಿನ ನೀರಿನೊಳಗೆ ಹಲವೆಡೆ ಚಪ್ಪಟೆ ಬಂಡೆಗಳು ಹಾಸಿಕೊಂಡಿದ್ದು, ನಮ್ಮ ಭದ್ರಾ ನಾಲೆಯ ಪಾಚಿಗಟ್ಟಿದ ಮೆಟ್ಟಿಲುಗಳಂತೆ ಜಾರುತ್ತವೆ.

ಆದ್ದರಿಂದ ಹಿಮ್ಮಡಿ ಮುಚ್ಚುವ, ರಬ್ಬರ್ ಅಡಿಯ ವಾಟರ್ ಶೂಗಳನ್ನು ಊರಲ್ಲೇ ಕೊಂಡು, ಒದ್ದೆ ಕಾಲಿಗೆ ಒಮ್ಮೆ ಹಾಕಿ ನೋಡಿರಿ. ಹವಾಯಿ ಚಪ್ಪಲಿ ಅಲೆಯ ಸೆಳೆತಕ್ಕೆ ಕಳಚಿಹೋಗುತ್ತದೆ. ಮೊದಲು ದಂಡೆಯುದ್ದಕ್ಕೂ ನಡೆದು, ತಳದಲ್ಲಿ ಮರಳು ಕಾಣುವ ಜಾಗವನ್ನೇ ಹುಡುಕಿಕೊಳ್ಳಬೇಕು. ಬಂಡೆಯನ್ನು ದಾಟಲೇಬೇಕಾದಲ್ಲಿ ಪಾದವನ್ನು ಎತ್ತಿಡದೆ, ಮುಂದಿನ ನೆಲವನ್ನು ತಡವಿ ನೋಡುತ್ತ ಮೆಲ್ಲಗೆ ಜರುಗಿಸಿರಿ. ಈಜು ಬಲ್ಲವರು ಮೊಣಕಾಲಿಗಿಂತ ತುಸು ಮೇಲೆ ನೀರು ಬಂದೊಡನೆ ನಡೆಯುವುದನ್ನು ಬಿಟ್ಟು ತೇಲತೊಡಗುವುದು ಕ್ಷೇಮ. ಬಂಡೆಯ ಸಂದುಗಳಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಗಳು ಇರಬಹುದಾದ್ದರಿಂದ ಕೈಯೂರಬೇಡಿರಿ. ಮಂಡಿನೋವಿರುವ ಹಿರಿಯರು ಒಂಟಿಯಾಗಿ ಇಳಿಯುವುದು ಖಂಡಿತ ಬೇಡ. ಅಲೆ ಜೋರಾಗಿದ್ದರೆ ಯಾರೂ ಇಳಿಯದಿರುವುದೇ ಲೇಸು.

ಜೊತೆಗೆ ಕೈ ಹಿಡಿಯುವವರು ಬೇಕಾದವರು ಮತ್ತು ಹಾಗೆ ನೆರವಾಗಬಲ್ಲ ಈಜುಗಾರರು ತಮ್ಮ ಹೆಸರನ್ನು ಬರುವ ಭಾನುವಾರದೊಳಗೆ ಇದೇ ಗುಂಪಿನಲ್ಲಿ ತಿಳಿಸಬೇಕಾಗಿ ವಿನಂತಿ.